ಇಂಜೆಕ್ಷನ್ ಕೊಡುವಾಗ ಆಡಿದ ಮಾತು

ಇಂಜೆಕ್ಷನ್ ಕೊಡುವಾಗ ನಮ್ಮನೆಯವರು ನನ್ನ ಸುದ್ದಿ ಎತ್ತುತ್ತಿದ್ದರು. ರೋಗಿ ಹೆದರಿ ತೋಳು ಬಿಗಿ ಹಿಡಿದರೆ, "ಬೆಳಿಗ್ಗೆ ನಮ್ಮನೇಲಿ ಏನಾಯ್ತು ಗೊತ್ತೇನಪ್ಪಾ?" ಎಂದು ಶುರು ಮಾಡುವರು. ಉಪ್ಪಿಟ್ಟು ಸೀದದ್ದು, ಅಡಿಗೆಮನೆಗೆ ನುಗ್ಗಿದ ಕೋತಿಗೆ ನಾನು ಲಟ್ಟಣಿಗೆ ಎಸೆದು ಕಿಟಕಿಯ ಗಾಜು ಒಡೆದದ್ದು, ಎಲ್ಲ ಬರುತ್ತಿತ್ತು. ರೋಗಿ ಬಾಯಿ ತೆರೆದು ಕೇಳುತ್ತಿರುವಾಗಲೇ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಅವರಿಗೇನೋ ನೋವು ಗೊತ್ತಾಗುತ್ತಿರಲಿಲ್ಲ, ಸರಿ, ನನ್ನ ಗತಿ? ಸಕಲೇಶಪುರದ ಸಂತೆಯಲ್ಲಿ ಸೊಪ್ಪು ಆರಿಸುತ್ತಿದ್ದರೆ ಗುರುತು ಪರಿಚಯ ಇಲ್ಲದ ಹೆಂಗಸೊಬ್ಬಳು, "ಕೋತಿ ಮತ್ತೆ ಬಂದಿತ್ತಾ ಡಾಕ್ಟ್ರಮ್ಮ?" ಎಂದು ನಗುವಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಇವರು ಕೆಟ್ಟವರೆಂದು ಹೇಳುತ್ತಿಲ್ಲ. ಎಷ್ಟು ಹೊತ್ತಾದರೂ ಊಟಕ್ಕೆ ಮನೆಗೇ ಬರುವರು. ಮಗಳಿಗೆ ಎರಡು ಜಡೆ ಹಾಕಿ, ಶಾಲೆಗೆ ಬಿಟ್ಟ ಮೇಲೆಯೇ ಕ್ಲಿನಿಕ್ಕಿನ ಬಾಗಿಲು ತೆಗೆಯುವರು. ನಾನು ಜಡೆ ಹಾಕಿದರೆ ಬೈತಲೆ ಸೊಟ್ಟ ಅಂತ ಅವಳ ರಂಪ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆದರೆ ಮಗಳ ಮೇಲಿನ ಹೊಟ್ಟೆಕಿಚ್ಚು ಎಷ್ಟು ಹೊತ್ತಿನದು! ಊರವರ ಮೇಲಿನದು ಹಾಗಲ್ಲ. ಬಿಸಿಲೆ ಘಾಟಿಯ ಕಡೆಯಿಂದ ಜೀಪಿನಲ್ಲಿ ಬಂದವರಿಗೂ, ಕಾಫಿ ಎಸ್ಟೇಟಿನ ಕೂಲಿ ಲೈನಿನ ಬಾಣಂತಿಯರಿಗೂ ಕಿವಿಗೊಟ್ಟು, ತಲೆಯಾಡಿಸಿ, "ಆಮೇಲೆ?" ಎಂದು ಕೇಳಿ ಕೇಳಿ, ಮನೆಗೆ ಬರುವಷ್ಟರಲ್ಲಿ ಆ ಮನುಷ್ಯನ ಬಾಯಲ್ಲಿ "ಹೂಂ" ಒಂದೇ ಉಳಿದಿರುತ್ತಿತ್ತು.

ಒಂದು ದಿನ ತಡೆಯಲಾರದೆ ನಾನೂ ಹೋಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೆ. ನನ್ನ ಸರದಿ ಬಂತು. ತಲೆಯೆತ್ತದೆ, "ಏನ್ ತೊಂದ್ರೆ?" ಎಂದರು.

"ಗಂಡ ಮಾತಾಡೋದಿಲ್ಲ."

ಗಾಬರಿಯಿಂದ ಕನ್ನಡಕ ಸರಿಮಾಡಿಕೊಂಡರು. "ಗಿರಿಜಾ, ಹೊರಗೆ ಜನ ಕಾಯ್ತಾ ಇದಾರೆ ಕಣೇ."

"ನಾನೂ ಜನಾನೇ. ಕೇಳಿ."

ಪಾಪ, ಕೇಳಿದರು. ತಲೆಯಾಡಿಸಿದರು. "ಆಮೇಲೆ?" ಎಂದರು. ಹಾಗೆ ಕೇಳಿಸಿಕೊಳ್ಳುವವರ ಎದುರು ಕೂರುವುದು ಎಂಥ ಸುಖವೆಂದು ಅವತ್ತು ಗೊತ್ತಾಯಿತು. ಅದು ದಿನಾ ಊರವರಿಗೆಲ್ಲ ಸಿಗುತ್ತಿದೆಯಲ್ಲ ಎಂದು ಸಂಕಟ ಇನ್ನೂ ಹೆಚ್ಚಿತು.

ನನ್ನದೇ ಎನ್ನುವಂಥದ್ದು ಒಂದೇ ಒಂದಿತ್ತು. ನನ್ನ ಅವ್ವ ತೀರಿಕೊಂಡ ವರ್ಷ ನನಗೆ ಊಟ ಸೇರುತ್ತಿರಲಿಲ್ಲ, ಯಾರ ಮಾತೂ ಬೇಕಿರಲಿಲ್ಲ. ಒಂದು ಸಂಜೆ ಇವರು ಅಡಿಗೆಮನೆಗೆ ಬಂದು, ನನ್ನ ಪಕ್ಕ ನೆಲದ ಮೇಲೆ ಕೂತು, ಮೊರದಲ್ಲಿದ್ದ ಅವರೆಕಾಯಿ ಸುಲಿಯತೊಡಗಿದರು. ಏನೂ ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರುದಿನವೂ ಬಂದರು. ಅವರೆಯ ಕಾಲ ಮುಗಿಯುವವರೆಗೂ ಹಾಗೇ. ಕ್ಲಿನಿಕ್ಕಿನಲ್ಲಿ ಜನ ಕಾಯುತ್ತಿದ್ದರು, ಕಾಯಲಿ ಎಂದುಕೊಂಡೆ. ಒಂದು ಸಂಜೆ ಅಳು ಒತ್ತರಿಸಿ ಬಂತು, ಅತ್ತುಬಿಟ್ಟೆ, ಆಮೇಲೆ ಇಬ್ಬರೂ ಕೂತು ಉಂಡೆವು. ಊರಿಗೆ ಏನೇ ಕೊಟ್ಟಿರಲಿ, ಇದನ್ನು ಮಾತ್ರ ನನಗೋಸ್ಕರ ತಾವಾಗಿಯೇ ಯೋಚಿಸಿ ಮಾಡಿದರು ಎಂದು, ಆ ಸಂಜೆಗಳ ಸುದ್ದಿಯನ್ನು ಮಗಳಿಗೂ ಹೇಳದೆ ಇಟ್ಟುಕೊಂಡಿದ್ದೆ.

ಹೋದ ವರ್ಷ ಅವರು ಹೋದರು. ಎದೆನೋವೆಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಅಂಗಳದ ತುಂಬ ಜನ. "ನಮ್ ಡಾಕ್ಟ್ರು ಹೋಗ್ಬುಟ್ರಲ್ಲಪ್ಪೋ" ಎಂದು ಎದೆ ಬಡಿದುಕೊಳ್ಳುತ್ತಿದ್ದವರನ್ನು, "ನಿಮ್ಮವರಾ?" ಎಂದು ಕೇಳಿಬಿಡಬೇಕೆನಿಸಿತು. ಅಷ್ಟು ಜನ ಅಳುವಾಗ ನನಗೆ ಅಳುವುದಕ್ಕೂ ಆಗಲಿಲ್ಲ.

ತಿಂಗಳು ಕಳೆದ ಮೇಲೆ ಪಾಳ್ಯದ ನಿಂಗಮ್ಮ ಬಸ್ಸಿಳಿದು ಮನೆಗೆ ಬಂದಳು. ಮಂಡಿನೋವಿನ ಇಂಜೆಕ್ಷನ್ನಿಗೆಂದು ಇವರ ಹತ್ತಿರ ವರ್ಷಗಟ್ಟಲೆ ಬಂದ ಮುದುಕಿ. ಕಾಫಿ ಕುಡಿಯುತ್ತಾ ನನ್ನನ್ನೇ ನೋಡಿ, "ಸರ್ಯಾಗ್ ಉಣ್ತಿದೀರಾ ತಾಯಿ? ನಿಮ್ಮವ್ವ ಹೋದಾಗ್ಲೂ ಹಿಂಗೇ ಸೊರಗಿದ್ರಂತಲ್ಲ" ಎಂದಳು.

"ನಿನಗ್ಯಾರು ಹೇಳಿದ್ದು?"

"ಡಾಕ್ಟ್ರೇಯ. ಸೂಜಿ ಹಿಡ್ಕಂಡ್ ನಿಂತವ್ರು ಚುಚ್ಚಾದೇ ಮರ್ತ್‌ಬುಟ್ರು ಕಣವ್ವ. 'ನಮ್ಮನೆಯವ್ಳು ಉಣ್ಣಾದೇ ಬುಟ್ಟವ್ಳೆ ನಿಂಗಮ್ಮ, ಅದ್ಕೆ ನನ್ ತಾವ ಔಷ್ದಿ ಇಲ್ಲ, ಏನ್ ಮಾಡ್ಲಿ ಹೇಳು' ಅಂತ ಅತ್ತೇಬುಟ್ರು. ಪಕ್ದಲ್ ಹೋಗಿ ಕೂತ್ಕಳಿ, ಅವ್ರ ಕೈಲಿರೋ ಕೆಲ್ಸದಾಗೆ ಕೈ ಹಾಕಿ, ಏನೂ ಕೇಳಕ್ ಹೋಗ್ಬೇಡಿ ಅಂದೆ. ಮಾಡಿದ್ರಾ?"

ಮಾಡಿದ್ದರು. ಅಚ್ಚುಕಟ್ಟಾಗಿ ಮಾಡಿದ್ದರು. ನನ್ನ ಆ ಸಂಜೆಗಳೂ ಈ ನಿಂಗಮ್ಮ ಬರೆದುಕೊಟ್ಟ ಔಷಧಿ! ಅದು ಹೋಗಲಿ, ಅಳು? ಇಷ್ಟು ವರ್ಷದ ಸಂಸಾರದಲ್ಲಿ ನನ್ನೆದುರು ಒಂದು ದಿನ ಕಣ್ಣು ಒದ್ದೆ ಮಾಡಿಕೊಂಡವರಲ್ಲ. ಅದನ್ನೂ ಇವಳಿಗೇ ಕೊಟ್ಟು ಹೋಗಿದ್ದಾರೆ. 'ಲೋಟ ಕೆಳಗಿಟ್ಟು ಎದ್ದು ಹೋಗು' ಎನ್ನಬೇಕೆಂದೇ ಬಾಯಿ ತೆರೆದೆ.

"ಅಳುವಾಗ ಹೇಗೆ ಕಾಣ್ತಿದ್ರು ನಿಂಗಮ್ಮ?" ಎಂದು ಕೇಳಿದೆ.