ಪಾನಾ ಮುಟ್ಟದೆ ಮಾಡಿದ ರಿಪೇರಿ

ಗೋಡೆಯ ಮೇಲಿನ ಕ್ಯಾಲೆಂಡರು ತುಸು ವಾಲಿದ್ದರೆ ಅದನ್ನು ನೆಟ್ಟಗೆ ಮಾಡದೆ ಎದುರಿಗಿದ್ದವರ ಕುಶಲ ವಿಚಾರಿಸಲಾರದ ಜನರ ಒಂದು ಪಂಗಡವಿದೆ. ನಾನು ಅದರ ಆಜೀವ ಸದಸ್ಯ. ಪರರ ಮನೆಗೆ ಹೋದಾಗಲೂ ನನ್ನ ಕಣ್ಣು ಮೊದಲು ಬೀಳುವುದು ಕಿರುಗುಟ್ಟುವ ಬಾಗಿಲ ಮೇಲೆ, ಆಮೇಲೆ ಅದನ್ನು ತೆರೆದವರ ಮೇಲೆ. ಕೆಟ್ಟದ್ದನ್ನು ಸರಿಪಡಿಸುವುದು ಸದ್ಗುಣವೆಂದು ಹಿರಿಯರು ಹೇಳಿದ್ದಾರೆ, ಒಪ್ಪೋಣ. ಆದರೆ ಸರಿಯಾಗಿರುವುದನ್ನೇ ಇನ್ನಷ್ಟು ಸರಿಪಡಿಸಲು ಹೊರಡುವುದು ಯಾವ ಗುಣವೋ ಇಂದಿಗೂ ತಿಳಿದಿಲ್ಲ. ಕೆಲಸವಿಲ್ಲದ ಬಡಗಿ ಏನು ಕೆತ್ತಿದನೆಂಬ ಗಾದೆ ನಿಮಗೂ ಗೊತ್ತಿರುತ್ತದೆ, ಪೂರ್ತಿ ಹೇಳಿಸಬೇಡಿ.

ಆ ಬಡಗಿಗೆ ಸಿಕ್ಕಂತೆ ನನ್ನ ಕೈಗೆ ಸಿಕ್ಕಿದ್ದು ಹೆಂಡತಿಯ ಡೀಸೆಲ್ ಪಿಕಪ್ಪು ಗಾಡಿ. ಮುಂದೆ ಇಬ್ಬರು ಕೂರುವ ಕ್ಯಾಬಿನ್ನು, ಹಿಂದೆ ಸಾಮಾನು ಹೇರುವ ಜಾಗ, ಅದರ ಮೇಲೆ ನೀಲಿ ತಾಡಪತ್ರಿಯ ಹೊದಿಕೆ. ಧಾರವಾಡದಿಂದ ಬಂದು ಪುಣೆಯ ಧಾಯರಿಯಲ್ಲಿ ನೆಲೆಸಿದವರು ನಾವು. ಸುಮಿತ್ರಾ ಮನೆಯಲ್ಲೇ ಹೋಳಿಗೆ, ರೊಟ್ಟಿ ಮಾಡಿ ಊರಿನ ಕನ್ನಡ ಮನೆಗಳ ಶುಭಕಾರ್ಯಗಳಿಗೆ ತಾನೇ ಗಾಡಿ ಓಡಿಸಿಕೊಂಡು ಹೋಗಿ ಮುಟ್ಟಿಸುತ್ತಾಳೆ. ನಾನು ಒಂದು ಕಾಲೇಜಿನ ಗ್ರಂಥಪಾಲಕ. ವಾರದ ಆರು ದಿನ ಸದ್ದು ಮಾಡಬೇಡಿರೆಂದು ಉಳಿದವರಿಗೆ ಉಪದೇಶಿಸುತ್ತ ಕೂತವನಿಗೆ ಏಳನೆಯ ದಿನ ಸದ್ದು ಮಾಡುವ ಒಂದು ಎಂಜಿನು ಎದುರಿಗೆ ಬಾಯ್ತೆರೆದು ನಿಂತರೆ ಆಗುವ ಆನಂದವನ್ನು ಬರಿಯ ಓದುಗರು ಊಹಿಸಲಾರರು.

ನನ್ನ ಈ ಯಾಂತ್ರಿಕ ವ್ಯಾಸಂಗಕ್ಕೆ ಒಂದು ಸಕಾರಣವೂ ಇತ್ತು. ಮೂರು ವರ್ಷದ ಹಿಂದೆ ಒಂದು ಸಂಜೆ ವಾಕಡಕ್ಕೆ ಹೋಳಿಗೆ ಮುಟ್ಟಿಸಿ ತಡವಾಗಿ ಬಂದ ಸುಮಿತ್ರಾ, ಏಕೆ ತಡವೆಂದು ಕೇಳಿದ್ದಕ್ಕೆ, "ಹೋಗುವಾಗ ಚಾಂದಣಿ ಚೌಕದ ಏರಿನ್ಯಾಗ ಭಾಳ ಹೊತ್ತಾತ್ರಿ" ಅಂದಳು. ಅಷ್ಟೇ ಸಾಕಾಯಿತು. ಗಾಡಿಗೆ ಏರು ಹತ್ತುವ ತ್ರಾಣ ಸಾಲದು ಎಂದು ನಾನು ಆ ಕ್ಷಣವೇ ತೀರ್ಮಾನಿಸಿ, ಮೊಬೈಲಿನಲ್ಲಿ ವೀಡಿಯೊಗಳನ್ನು ನೋಡನೋಡುತ್ತ ಪದವೀಧರನಾದೆ. ಮೊದಲು ಗಾಳಿಯ ಫಿಲ್ಟರು ತೆಗೆದು ದೊಡ್ಡದನ್ನು ಹಾಕಿದೆ. ಎಂಜಿನು ಉಸಿರೆಳೆದಾಗಲೆಲ್ಲ ಕುಕ್ಕರಿನಂತೆ ಸೀಟಿ ಹೊಡೆಯತೊಡಗಿ, ಸೊಸೈಟಿಯ ವಾಚಮನ್ ಯಾರದೋ ಸಿಲಿಂಡರ್ ಸೋರಿದೆಯೆಂದು ಎರಡು ಮಹಡಿಯ ಜನರನ್ನು ಕೆಳಗಿಳಿಸಿದ. ಆಮೇಲೆ ಅಗಲ ಬಾಯಿಯ ಸೈಲೆನ್ಸರ್ ಹಾಕಿದೆ. ಅದು ತನ್ನ ಹೆಸರಿಗೆ ಕಳಂಕ ತಂದುಕೊಂಡಿತು. ಭಾನುವಾರ ನಾನು ಸುಧಾರಿಸಿದ್ದನ್ನೆಲ್ಲ ಸೋಮವಾರ ಗ್ಯಾರೇಜಿನ ನಾಮದೇವ ಮಿಸ್ತ್ರಿ ಮೊದಲಿನಂತೆ ಮಾಡಿಕೊಡುತ್ತಿದ್ದ. ಸುಮಿತ್ರಾ ಬೈಯುತ್ತಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಬೈಗುಳಕ್ಕೆ ಎದುರುತ್ತರ ಕೊಡಬಹುದು.

ಹೋದ ದಸರೆಯ ಅಷ್ಟಮಿಯ ಸಂಜೆ ನನ್ನ ಕೈ ಮತ್ತೆ ತುರಿಸಿತು. ಡೀಸೆಲ್ ಧಾರಾಳವಾಗಿ ಹರಿದರೆ ಎಂಜಿನಿಗೆ ಬಲ ಬರುತ್ತದೆಂದು ಯಾರೋ ಪುಣ್ಯಾತ್ಮ ವೀಡಿಯೊದಲ್ಲಿ ಪ್ರವಚನ ಮಾಡಿದ್ದ. ಡೀಸೆಲ್ ಫಿಲ್ಟರು ಬದಲಿಸಿ, ಅದಕ್ಕೆ ದಪ್ಪನೆಯ ಹೊಸ ಪೈಪು ಜೋಡಿಸಿ, ಕೀಲಿ ತಿರುಗಿಸಿದೆ. ಗಾಡಿ ಕೆಮ್ಮಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಬ್ಯಾಟರಿಯ ದನಿ ತುಸು ಇಳಿಯುವತನಕ ತಿರುಗಿಸಿ, ಊಟಕ್ಕೆ ಕರೆ ಬಂದದ್ದರಿಂದ ನಟ್ಟು ಬಿಗಿಯುವ ಪಾನಾ, ಪಕ್ಕಡ, ಸ್ಕ್ರೂಡ್ರೈವರುಗಳನ್ನೆಲ್ಲ ಹರಡಿದಲ್ಲೇ ಬಿಟ್ಟು ಮೇಲೆ ಹೋದೆ. ಬೆಳಿಗ್ಗೆ ನೋಡಿಕೊಂಡರಾಯಿತು ಎಂಬುದು ನನ್ನ ಎಣಿಕೆ.

ಬೆಳಿಗ್ಗೆ ಸ್ನಾನ ಮುಗಿಸಿ ಹೊರಬಂದಾಗ ಆ ಆಯುಧಗಳೆಲ್ಲ ದೇವರ ಕೋಣೆಯಲ್ಲಿದ್ದವು. ಸುಮಿತ್ರಾ ಅವುಗಳನ್ನು ತಂದು, ತೊಳೆದು, ಲಟ್ಟಣಿಗೆ, ಹಂಚುಗಳ ಜೊತೆ ಸಾಲಾಗಿ ಮಣೆಯ ಮೇಲಿಟ್ಟು, ಅರಿಶಿಣ ಕುಂಕುಮ ಹಚ್ಚಿ, ಒಂದೊಂದಕ್ಕೂ ಚೆಂಡುಹೂವು ಏರಿಸಿದ್ದಳು. ಗಾಡಿಯ ಕೀಲಿಯೂ ಅಲ್ಲೇ ಮಧ್ಯದಲ್ಲಿ ವಿರಾಜಮಾನವಾಗಿತ್ತು. ನಾನು ಮೆಲ್ಲಗೆ ಹತ್ತನೇ ನಂಬರಿನ ಪಾನಾದ ಕಡೆಗೆ ಕೈ ಚಾಚಿದೆ.

"ಇವತ್ತ ಖಂಡೇನವಮಿರಿ" ಅಂದಳು ಅವಳು, ತಿರುಗಿ ನೋಡದೆ. "ಪೂಜಿಗಿಟ್ಟದ್ದು ನಾಳೆ ಮುಂಜಾನಿತನಕಾ ಎತ್ತೂ ಹಂಗಿಲ್ಲ."

"ಗಾಡಿ ಚಾಲೂ ಆಗವಲ್ದು" ಎಂದೆ.

ಅವಳು ಆರತಿಯ ತಟ್ಟೆ ಕೆಳಗಿಟ್ಟಳು. ಮರುದಿನ ದಸರೆ, ವಾಕಡದ ಒಂದು ಮನೆಯ ಗೃಹಪ್ರವೇಶಕ್ಕೆ ಇನ್ನೂರು ಹೋಳಿಗೆ ಬೆಳಿಗ್ಗೆ ಆರಕ್ಕೆ ಹೊರಡಬೇಕಾಗಿತ್ತು. ಬಾಡಿಗೆ ಟೆಂಪೊ ಕೇಳೋಣವೆಂದರೆ ಆ ದಿನ ಪುಣೆಯ ಟೆಂಪೊಗಳೆಲ್ಲ ಮಾರುಕಟ್ಟೆಗೆ ಚೆಂಡುಹೂವು ಹೊರುತ್ತವೆ. "ನಾ ಮಾತ ಕೊಟ್ಟೀನ್ರಿ" ಅಂದಳು, ಅಷ್ಟೇ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇಷ್ಟು ವರ್ಷ ಅವಳ ಹೋಳಿಗೆ ಒಮ್ಮೆಯೂ ಹೊತ್ತು ಮೀರಿ ಮುಟ್ಟಿದ್ದಿಲ್ಲ.

ನಾಮದೇವ ಮಿಸ್ತ್ರಿಗೆ ಫೋನು ಮಾಡಿದೆ. ಅವನ ಗ್ಯಾರೇಜಿನಲ್ಲೂ ಪಾನಾಗಳು ಪೂಜೆಗೆ ಕೂತಿದ್ದವು. "ಸಾಹೇಬ, ಆಜ ಪಾನ್ಯಾಲಾ ಹಾತ ಲಾವತ ನಾಹೀ" ಎಂದು ಮರಾಠಿಯಲ್ಲಿ, ಇವತ್ತು ಪಾನಾ ಮುಟ್ಟುವಂತಿಲ್ಲವೆಂದು, ಫೋನಿನಲ್ಲೇ ಕೈ ಮುಗಿದವನು, ನನ್ನ ದನಿಯಲ್ಲಿದ್ದ ಗಾಬರಿಗೆ ಕರಗಿ, "ಪಣ ತುಮಚೇ ದೋನ ಹಾತ ಆಹೇತ ನಾ?" ಎಂದು ಕೇಳಿದ. ಕೈ ಎರಡಿವೆ, ನಿಜ. ಅವುಗಳಿಂದಲೇ ಈ ಗತಿ ಬಂದದ್ದು. ಡೀಸೆಲ್ಲಿನ ದಾರಿಯಲ್ಲಿ ಗಾಳಿ ಹೊಕ್ಕಿದೆ, ಹೊಸ ಪೈಪು ಕಿತ್ತು ಹಳೆಯದನ್ನು ಹಾಕಿ, ಫಿಲ್ಟರಿನ ನೆತ್ತಿಯ ಮೇಲಿರುವ ಪಂಪಿನ ಗುಂಡಿಯನ್ನು ಕಲ್ಲಿನಂತೆ ಗಟ್ಟಿಯಾಗುವತನಕ ಒತ್ತಿ, ಒತ್ತುತ್ತಲೇ ಇರಿ ಎಂದ.

ಬರಿಗೈಯಲ್ಲಿ ಮಾಡಬಹುದೇ ಎಂದು ಸುಮಿತ್ರಾಳನ್ನೇ ಕೇಳಿದೆ. ಅವಳು ನನ್ನ ಅಂಗೈಗಳನ್ನು ಒಮ್ಮೆ ನೋಡಿ, "ಕೈಗೆ ಕುಂಕುಮ ಹಚ್ಚಿಲ್ಲಲ್ಲ, ಮಾಡ್ರಿ" ಅಂದಳು.

ಬಾನೆಟ್ಟಿಗೆ ಹಾಕಿದ್ದ ಹೂಮಾಲೆ ಸರಿಸಿ ಕೈ ಒಳಗಿಟ್ಟೆ. ಹೊಸ ಪೈಪಿನ ಬಾಯಿಗೆ ಸುತ್ತಿದ ಪಟ್ಟಿಯನ್ನು ನಾನು ಬಿಗಿದೇ ಇರಲಿಲ್ಲ. ಊಟದ ಕರೆಗೆ ಓಡಿದ ಅವಸರದಲ್ಲಿ ಮರೆತಿದ್ದೆ. ಜಗ್ಗಿದರೆ ಕಳಚಿ ಬಂತು. ಹಳೆಯ ಪೈಪಿನ ಸ್ಪ್ರಿಂಗಿನ ಪಟ್ಟಿ ಎರಡು ಬೆರಳಿನ ಒತ್ತಡಕ್ಕೆ ಬಗ್ಗಿ, ನನ್ನ ಚರ್ಮ ಕಿತ್ತುಕೊಂಡು, ಕೂತಿತು. ಆಮೇಲೆ ಗುಂಡಿ ಒತ್ತತೊಡಗಿದೆ. ಹತ್ತು ಸಲ ಒತ್ತಿ ಕೀಲಿ ತಿರುಗಿಸಿ ನೋಡುವುದು ನನ್ನ ಜನ್ಮಜಾತ ಪದ್ಧತಿ. ಹತ್ತಾಯಿತು, ಕೈ ತಾನಾಗಿ ಕೀಲಿಯ ಕಡೆಗೆ ಹೋಯಿತು, ಕೀಲಿ ಇರಲಿಲ್ಲ. ಮತ್ತೆ ಒತ್ತಿದೆ. ಐವತ್ತು, ನೂರು. ಹೆಬ್ಬೆರಳು ಮರಗಟ್ಟಿತು, ಬೆವರು ಕಣ್ಣಿಗಿಳಿಯಿತು. ಗುಂಡಿ ನಿಧಾನವಾಗಿ ಬಿಗಿಯಾಗುತ್ತ ಬಂದು, ಕೊನೆಗೆ ಒತ್ತಿದರೂ ಒಳಗೆ ಹೋಗದಂತೆ ನಿಂತಿತು. ಅದು ಸರಿಯಾಗಿದೆಯೇ ಇಲ್ಲವೇ ಎಂದು ನೋಡುವ ಉಪಾಯ ಮಾತ್ರ ನಾಳೆಯತನಕ ದೇವರ ಮುಂದಿತ್ತು.

ಚಡಪಡಿಸುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಶಾಸ್ತ್ರವೂ ವಿಧಿಸಲಾರದು. ಫಲವನ್ನು ಬಯಸಬೇಡವೆನ್ನುವವರು ಫಲ ಗೊತ್ತಾಗದೆ ಒಂದು ದಿನವಿಡೀ ಮನೆಯೊಳಗೆ ಸುತ್ತಿ ನೋಡಲಿ. ನಾನು ಹನ್ನೊಂದು ಸಲ ಕೆಳಗಿಳಿದು ಗುಂಡಿ ಮುಟ್ಟಿ ಬಂದೆ. ಪಡಸಾಲೆಯ ಕ್ಯಾಲೆಂಡರು, ಗಡಿಯಾರ, ಅತ್ತೆಯವರ ಫೋಟೊ ಎಲ್ಲವೂ ಆ ದಿನ ನೇರವಾದವು. ಒಳಗೆ ಸುಮಿತ್ರಾ ಕಡಲೆಬೇಳೆ ತೊಳೆದಳು, ಹೂರಣಕ್ಕೆ ಬೆಲ್ಲ ಜಜ್ಜಿದಳು. ಗಾಡಿ ಹೊರಡುವುದೋ ಇಲ್ಲವೋ ತಿಳಿಯದೆಯೂ ಅವಳ ಕೈ ಒಂದೇ ಹದದಲ್ಲಿ ನಡೆದಿತ್ತು.

ದಸರೆಯ ಮುಂಜಾವಿಗೆ ಇನ್ನೂರು ಹೋಳಿಗೆ ಬುಟ್ಟಿ ಸೇರಿದ್ದವು. ಮಂಗಳಾರತಿ ಮಾಡಿ, ಕೀಲಿಯನ್ನು ಕಣ್ಣಿಗೊತ್ತಿಕೊಂಡು, ಅವಳೇ ಡ್ರೈವರಿನ ಸೀಟಿಗೆ ಹತ್ತಿದಳು. ಮೊದಲ ತಿರುವಿಗೆ ಗಾಡಿ ಗೊರಗೊರ ಎಂದಿತು. ಎರಡನೆಯದಕ್ಕೆ ಹೊತ್ತಿಕೊಂಡು, ಎಂದಿನ ಒರಟು ದನಿಯಲ್ಲಿ ಓಡತೊಡಗಿತು. ನನ್ನ ಕಣ್ಣು ಒದ್ದೆಯಾಯಿತೆಂದು ಹೇಳಲು ಸಂಕೋಚವಿಲ್ಲ.

"ಬರ್ತೀರೇನು? ತುಪ್ಪದ ಡಬ್ಬಿ ಹಿಡೀಲಿಕ್ಕೆ ಯಾರರೆ ಬೇಕು" ಅಂದಳು ಸುಮಿತ್ರಾ. ಮೂರು ವರ್ಷ ಆ ಗಾಡಿಯ ಹೊಟ್ಟೆಯೊಳಗೇ ಇದ್ದವನು, ಹೋಳಿಗೆ ಹೇರಿ ಹೊರಟಾಗ ಒಮ್ಮೆಯೂ ಅದರಲ್ಲಿ ಕೂತಿರಲಿಲ್ಲ ಎಂಬುದು ಆಗ ಹೊಳೆಯಿತು. ಹತ್ತಿ ಕೂತೆ.

ವಾರಜೆ ದಾಟಿ ಚಾಂದಣಿ ಚೌಕದ ಏರು ಬಂತು. ಗಾಡಿ ನಡೆಯುವವರ ಜೊತೆ ಮಾತಾಡಿಕೊಂಡು ಹೋಗಬಹುದಾದಷ್ಟು ಮೆಲ್ಲಗೆ ಹತ್ತುತ್ತಿತ್ತು. ನಾನು ಕಿವಿಗೊಟ್ಟೆ, ಎಂಜಿನಿನಲ್ಲಿ ಏದುಸಿರಿಲ್ಲ, ಆಯಾಸವಿಲ್ಲ. ನನ್ನ ಕಾಲು ಇಲ್ಲದ ಎಕ್ಸಲರೇಟರನ್ನು ಒತ್ತುತ್ತಿತ್ತು. ತಡೆಯಲಾರದೆ, "ಎಳೀವಲ್ದೇನು?" ಎಂದು ಕೇಳಿದೆ.

"ಎಳೀಲಿಕ್ಕೇನ್ರಿ, ಭಾಳ ಛಲೋ ಎಳೀತದ. ನಾನ ಸಾವಕಾಶ ಹೊಡೀತೀನಿ. ಜೋರು ಹೊಡದರ ಬುಟ್ಟಿ ಕುಲುಕಿ ಕೆಳಗಿನ ಹೋಳಿಗಿ ಹರೀತಾವ."

"ಮೂರು ವರ್ಷದಿಂದ ಹಿಂಗಽ?"

"ಮೊದಲಿಂದ."

"ಹೇಳಬಾರದಿತ್ತೇನು?"

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೀವು ಬಾನೆಟ್ ತೆಗದು ಗಾಡೀನ ಕೇಳಿದ್ರಿ. ನನ್ನ ಯಾವಾಗ ಕೇಳಿದ್ರಿ?"

ಹಿಂದಿನ ಲಾರಿಯವನು ಹಾರ್ನು ಹೊಡೆದ. ಅವಳು ಅವನಿಗೆ ದಾರಿ ಬಿಟ್ಟು ಇನ್ನೂ ಎಡಕ್ಕೆ ಸರಿದಳು. ನನ್ನ ಕೈಗಳು ಎಂದಿನಂತೆ ಏನನ್ನಾದರೂ ಸರಿಪಡಿಸಲು ಚಡಪಡಿಸಿದವು. ಆದರೆ ಅವುಗಳ ನಡುವೆ ಬಿಸಿ ತುಪ್ಪದ ಡಬ್ಬಿಯಿತ್ತು, ವಾಕಡ ಬರುವತನಕ ಅಲುಗಾಡಿಸುವಂತಿರಲಿಲ್ಲ.