ಭಾವನ ಕಾಲಡಿಯ ಬ್ರೇಕು

ನಮ್ಮ ಭಾವನ ಬಲಗಾಲಿನ ಷೂ ಎಡಗಾಲಿನದಕ್ಕಿಂತ ಬೇಗ ಸವೆಯುತ್ತದೆ. ಒಮ್ಮೆ ಅವರು ಷೂ ಅಂಗಡಿಯವನನ್ನು, "ಬಲಗಾಲಿಂದು ಎರಡು, ಎಡಗಾಲಿಂದು ಒಂದು ಕೊಡ್ತೀರಾ?" ಎಂದು ಮುಖದಲ್ಲಿ ಚೂರೂ ನಗುವಿಲ್ಲದೆ ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಅಂಗಡಿಯವನು ಅವರ ಕಾಲು ನೋಡಿದ, ನನ್ನ ಮುಖ ನೋಡಿದ, ಆಮೇಲೆ ಕೂರಿ ಎಂದು ಸ್ಟೂಲು ಎಳೆದು, ಕುಡಿಯಲು ನೀರು ಕೊಟ್ಟ. ತಲೆ ಕೆಟ್ಟವರ ಜೊತೆ ಮೆತ್ತಗೆ ನಡೆದುಕೊಳ್ಳಬೇಕೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರೇನೋ.

ತಲೆ ಕೆಟ್ಟಿದ್ದೇನಲ್ಲ, ಕಸುಬು. ಭಾವ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಅಂಥ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಡಿ ಇನ್ನೊಂದು ಬ್ರೇಕು ಇರುತ್ತದೆ. ಕಲಿಯುವವರು ಕಕ್ಕಾಬಿಕ್ಕಿಯಾದಾಗ ಮೇಷ್ಟ್ರು ಒತ್ತಬೇಕು. ವರ್ಷಗಟ್ಟಲೆ ಒತ್ತಿ ಒತ್ತಿ ಈಗ ಭಾವನ ಆ ಕಾಲಿಗೆ ಕಾರೇ ಬೇಕಿಲ್ಲ. ಟೀವಿಯಲ್ಲಿ ಲಾರಿ ಎದುರಾದರೆ ಸೋಫಾದ ಮುಂದಿನ ಜಮಖಾನೆಯನ್ನು ಒತ್ತುತ್ತಾರೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಬೆನ್ನಿಗೆ ಒತ್ತಿ ಬೈಸಿಕೊಳ್ಳುತ್ತಾರೆ. ನಮ್ಮಕ್ಕ ಮಾತಿನ ಭರದಲ್ಲಿದ್ದಾಗಲೂ ಮೇಜಿನ ಕೆಳಗೆ ಆ ಕಾಲು ಮೆಲ್ಲಗೆ ಒತ್ತುವುದನ್ನು ನೋಡಿದ್ದೇನೆ. ಅಲ್ಲಿ ಮಾತ್ರ ಬ್ರೇಕು ಹಿಡಿದದ್ದನ್ನು ಕಾಣೆ.

ನಾನು ಅವರ ನಾದಿನಿ. ಅಕ್ಕ ಭಾವ ಕೆಳಗಿನ ಮನೆಯಲ್ಲಿ, ನಾನು ಮೇಲಿನ ಮನೆಯಲ್ಲಿ. ಬಟ್ಟೆ ಹೊಲಿದು ಬದುಕುವವಳು. ನನ್ನ ಮಷೀನು ಕಿಟಕಿಯ ಪಕ್ಕ ಇರುವುದರಿಂದ ಕೈ ಬಟ್ಟೆಯ ಮೇಲೆ, ಕಣ್ಣು ಬೀದಿಯ ಮೇಲೆ. ಮೂಗು ಎಲ್ಲಿರುತ್ತದೆ ಎಂದು ಭಾವ ಆಗಾಗ ಕೇಳುತ್ತಾರೆ.

ಭಾವನಿಗೆ ಒಂದು ದೊಡ್ಡ ಹೆಮ್ಮೆ ಇತ್ತು. ಈ ಊರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ತಮ್ಮ ಶಿಷ್ಯರು ಎಂಬುದು. ಒಂದು ದೊಡ್ಡ ಸಿಟ್ಟೂ ಇತ್ತು, ಅದು ಸೈಕಲ್ಲಿನವರ ಮೇಲೆ. "ಅವರಿಗೆ ಕನ್ನಡಿ ಇಲ್ಲ, ಇಂಡಿಕೇಟರ್ ಇಲ್ಲ, ನಾಚಿಕೆ ಮೊದಲೇ ಇಲ್ಲ" ಎನ್ನುತ್ತಿದ್ದರು. ಅದಕ್ಕೆಂದೇ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪಾಠವನ್ನು ತಾವೇ ಹುಟ್ಟುಹಾಕಿದ್ದರು. "ಸೈಕಲ್ ಕಂಡ್ರೆ ಹಾರ್ನು. ಎರಡು ಚಿಕ್ಕದು, ಒಂದು ಉದ್ದ. ಚಿಕ್ಕದು ನಮಸ್ಕಾರ, ಉದ್ದದ್ದು 'ಸರಿ ಆ ಕಡೆ'. ಗೊತ್ತಾಯ್ತಾ?" ಶಿಷ್ಯರಿಗೆ ಗೊತ್ತಾಗುತ್ತಿತ್ತು. ಪೀಂ, ಪೀಂ, ಪೀಂಂಂ. ಕಾರು ನಿಧಾನವಾಗುತ್ತಿತ್ತು, ಸೈಕಲ್ಲು ಸರಿಯುತ್ತಿತ್ತು, ಶಿಷ್ಯ ಪಾಸಾಗುತ್ತಿದ್ದ. ಭಾವ ಸಂಜೆ ಮನೆಗೆ ಬಂದು ಅನ್ನದ ಮುಂದೆ ಕೂತು ಅದನ್ನೇ ಹೇಳುತ್ತಿದ್ದರು.

ಅಷ್ಟರಲ್ಲಿ ಆ ರೋಗ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಡ್ರೈವಿಂಗ್ ಸ್ಕೂಲಿನ ಮಾಲೀಕರು ಕಾರಿಗೆ ಹೊದಿಕೆ ಹೊದಿಸಿ, ಬೀಗದ ಕೈಯನ್ನು ತಮ್ಮ ಮನೆಗೆ ಒಯ್ದರು. ಭಾವ ಜಗಲಿಯಲ್ಲಿ ಕೂತು ಖಾಲಿ ರಸ್ತೆಯನ್ನು ನೋಡಿ, "ಎಂಥಾ ರಸ್ತೆ! ಎಂಥಾ ರಸ್ತೆ!" ಎಂದು ನಿಟ್ಟುಸಿರು ಬಿಡುತ್ತಿದ್ದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ.

ಅಕ್ಕನಿಗೆ ಮಾತ್ರ ರಜೆಯಿಲ್ಲ. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಹಾಸಿಗೆಯ ಚಾದರ, ಡಾಕ್ಟರರ ನಿಲುವಂಗಿ, ಎಲ್ಲವೂ ಅವಳ ಕಣ್ಣ ಮುಂದೆ ಕುದಿದು, ಒಣಗಿ, ಮಡಿಕೆಯಾಗಿ ಹೋಗಬೇಕು. ಬಸ್ಸುಗಳು ನಿಂತವು. ಆಸ್ಪತ್ರೆಯ ವ್ಯಾನು ಡಾಕ್ಟರರಿಗೇ ಸಾಲದು. ಅಕ್ಕ ಯಾರನ್ನೂ ಕೇಳಲಿಲ್ಲ. ಮೆಟ್ಟಿಲ ಕೆಳಗೆ ಜೇಡರ ಬಲೆ ಕಟ್ಟಿಕೊಂಡು ನಿಂತಿದ್ದ ನನ್ನ ಹಳೆಯ ಸೈಕಲ್ಲನ್ನು ಎಳೆದು, ಒರೆಸಿ, ಗಾಳಿ ಹೊಡೆದು, ಹತ್ತಿ ಹೊರಟೇಬಿಟ್ಟಳು. ಚಿಕ್ಕಂದಿನಲ್ಲಿ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಾಲೆಗೆ ತುಳಿದವಳು ಅವಳು.

ಮೊದಮೊದಲು ಅವಳ ಖುಷಿ ನೋಡಬೇಕಿತ್ತು. "ರಸ್ತೆಯೆಲ್ಲಾ ನಂದೇ ಕಣೇ! ಇವತ್ತು ಹಕ್ಕಿ ಕೂಗೋದು ಕೇಳಿಸ್ತು. ಚೈನಿನ ಸದ್ದೂ ಕೇಳಿಸ್ತು, ಸ್ವಲ್ಪ ಎಣ್ಣೆ ಕೊಡು" ಎಂದು ಕೆಳಗಿನಿಂದಲೇ ಕೂಗುತ್ತಿದ್ದಳು. ಮಾಸ್ಕಿನ ಮೇಲೆ ಅವಳ ಕಣ್ಣೆರಡೂ ನಗುತ್ತಿದ್ದವು. ಭಾವ ಮಾತ್ರ ಮುಖ ಗಂಟು ಹಾಕಿಕೊಂಡು, "ಮೇಷ್ಟ್ರ ಹೆಂಡತಿ ಸೈಕಲ್ ಮೇಲೆ! ನನ್ನ ಶಿಷ್ಯರು ಯಾರಾದ್ರೂ ನೋಡಿದ್ರೆ?" ಎಂದು ಗೊಣಗುತ್ತಿದ್ದರು.

ಶಿಷ್ಯರು ನೋಡಿದರು. ಒಂದು ಸಂಜೆ ಅಕ್ಕ ಸೈಕಲ್ಲನ್ನು ತಳ್ಳಿಕೊಂಡು ಬಂದಳು. ಮೊಣಕೈ ತರಚಿತ್ತು, ಕೂದಲಲ್ಲಿ ಎಲೆ ಸಿಕ್ಕಿಕೊಂಡಿತ್ತು. ರಸ್ತೆ ಖಾಲಿಯಾದದ್ದು ಅವಳೊಬ್ಬಳಿಗೆ ಅಲ್ಲವಲ್ಲ. ಕಾರು, ಓಡಾಟದ ಪಾಸು ಎರಡೂ ಇದ್ದವರಿಗೂ ಅದು ಖಾಲಿಯೇ. ಹಿಂದೆಲ್ಲ ನೂಕುನುಗ್ಗಲಲ್ಲಿ ಆಮೆಯ ಹಾಗೆ ತೆವಳುತ್ತಿದ್ದವರು ಈಗ ರೆಕ್ಕೆ ಬಂದವರಂತೆ ಹಾರುತ್ತಿದ್ದರು. ಒಂದು ಬಿಳಿ ಕಾರು ತೋಳಿಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಹಾದುಹೋಯಿತಂತೆ. ಅಕ್ಕ ಹ್ಯಾಂಡಲ್ ತಿರುಗಿಸಿ ಪೊದೆಗೆ ಬಿದ್ದಳು.

ಭಾವ ತಾವೇ ಗಾಯ ತೊಳೆದರು. "ಯಾವನವನು? ಯಾವ ದಡ್ಡ ಶಿಖಾಮಣಿ ಅವನಿಗೆ ಕಾರು ಕಲಿಸಿದ್ದು?" ಎಂದು ಗುಡುಗಿದರು.

ಅಕ್ಕ ತಣ್ಣಗೆ ಹೇಳಿದಳು, "ಹಾರ್ನ್ ಹೊಡೆದ ರೀ. ಎರಡು ಚಿಕ್ಕದು, ಒಂದು ಉದ್ದ."

ನನಗೆ ನಗು ಬಂದರೂ ಸೆರಗು ಬಾಯಿಗೆ ಒತ್ತಿಕೊಂಡೆ. ಭಾವನ ಮುಖ ಇಂಗು ತಿಂದ ಮಂಗನ ಮುಖವಾಗಿತ್ತು.

"ಹಾರ್ನ್ ಯಾರು ಬೇಕಾದ್ರೂ ಹೊಡೀತಾರೆ. ಅದಕ್ಕೆ ನನ್ನ ಹೆಸರು ಬರೆದಿದ್ಯಾ?" ಎಂದರು.

"ಬರೆದಿರ್ಲಿಲ್ಲ. ಮೂರು ಸಲ ಕೂಗಿ ಹೇಳ್ತು."

"ನಾಳೆಯಿಂದ ಹೋಗ್ಬೇಡ."

"ನಾನು ಹೋಗದಿದ್ರೆ ರೋಗಿಗಳು ಬರೀ ಹಾಸಿಗೆ ಮೇಲೆ ಮಲಗ್ಬೇಕಾ? ನಿಮಗೆ ಅಷ್ಟು ಚಿಂತೆ ಇದ್ರೆ ನೀವೂ ಇನ್ನೊಂದು ಸೈಕಲ್ ತಗೊಂಡು ಜೊತೆಗೆ ಬನ್ನಿ."

ಭಾವ ಎದ್ದು ಅಡುಗೆಮನೆಗೆ ಹೋದರು, ನೀರು ಕುಡಿದರು, ವಾಪಸ್ಸು ಬಂದರು, ಮತ್ತೆ ಹೋದರು. ಕೊನೆಗೆ ಗೋಡೆಯ ಕಡೆ ಮುಖ ಮಾಡಿಕೊಂಡು, "ನಂಗೆ ಸೈಕಲ್ ಬರಲ್ಲ" ಎಂದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅಕ್ಕನಿಗೇ ಆ ವಿಷಯ ಗೊತ್ತಾದದ್ದು ಆವತ್ತು. ಊರಿಗೆಲ್ಲ ಕಾರು ಕಲಿಸಿದ ಮನುಷ್ಯ! ನೇರವಾಗಿ ಕಾರಿನಲ್ಲೇ ಶುರುಮಾಡಿದರಂತೆ. ಸೈಕಲ್ಲಿನವರ ಮೇಲಿನ ಸಿಟ್ಟಿನ ಬೇರು ಎಲ್ಲಿತ್ತೆಂದು ನನಗೆ ಆಗ ತಿಳಿಯಿತು. ಕೈಗೆಟುಕದ ದ್ರಾಕ್ಷಿ ಹುಳಿ.

"ಹಾಗಾದ್ರೆ ಕ್ಯಾರಿಯರ್ ಮೇಲೆ ಕೂತ್ಕೊಳ್ಳಿ" ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ನಮ್ಮ ಬೀದಿಯ ಒಂದೊಂದು ಕಿಟಕಿಯಲ್ಲೂ ಒಂದೊಂದು ತಲೆ. ಬೇರೆ ಏನೂ ನೋಡಲು ಸಿಗದ ದಿನಗಳವು. ಅಕ್ಕ ಮುಂದೆ, ಭಾವ ಹಿಂದೆ ಕ್ಯಾರಿಯರ್ ಮೇಲೆ ಎರಡೂ ಕಡೆ ಕಾಲು ಇಳಿಬಿಟ್ಟುಕೊಂಡು, ಅಕ್ಕನ ಊಟದ ಡಬ್ಬಿಯನ್ನು ಎದೆಗೆ ಅವಚಿಕೊಂಡು. ಶಿಷ್ಯರು ಗುರುತು ಹಿಡಿಯದಿರಲೆಂದು ಮಾಸ್ಕನ್ನು ಕಣ್ಣಿನವರೆಗೂ ಏರಿಸಿದ್ದರು. ಎದುರುಮನೆಯ ಅಜ್ಜಿ ನನ್ನನ್ನು ಕೂಗಿ, "ನಿಮ್ಮ ಭಾವನ್ನ ಆಸ್ಪತ್ರೆಗೆ ಸೇರಿಸ್ತಿದ್ದಾರೇನಮ್ಮಾ?" ಎಂದು ಕೇಳಿದರು.

ಆಮೇಲಿನದು ಅಕ್ಕ ಹೇಳಿದ್ದು. ಭಾವ ಹೇಳುವ ಕಥೆ ಬೇರೆಯಿದೆ, ಅದನ್ನು ಯಾರೂ ನಂಬುವುದಿಲ್ಲ.

ವೃತ್ತದಲ್ಲಿ ಪೊಲೀಸಿನವರು ತಡೆದರಂತೆ. ಅಕ್ಕ ಆಸ್ಪತ್ರೆಯ ಗುರುತಿನ ಚೀಟಿ ತೋರಿಸಿದಳು.

"ಸರಿ ಅಮ್ಮಾ, ನೀವು ಹೋಗಿ. ಇವರು ಯಾರು?"

"ನಮ್ಮ ಯಜಮಾನರು."

"ಇವರಿಗೇನು ಕೆಲಸ?"

"ಹಿಂದೆ ಬರೋ ಕಾರು ನೋಡೋದು."

ಪೊಲೀಸಿನವರು ಭಾವನನ್ನು ಮೇಲಿಂದ ಕೆಳಗೆ ನೋಡಿ, "ಗಟ್ಟಿಯಾಗಿ ಹಿಡ್ಕೊಳ್ಳಿ ಯಜಮಾನರೇ" ಎಂದು ಬಿಟ್ಟರು.

ಉದ್ದನೆಯ ನೇರ ರಸ್ತೆ ಬಂತು. ಎಲ್ಲೂ ಒಂದು ನರಪಿಳ್ಳೆಯಿಲ್ಲ. ಆಗ ಹಿಂದಿನಿಂದ, ಪೀಂ, ಪೀಂ, ಪೀಂಂಂ.

ಭಾವ ತಿರುಗಿ ನೋಡಿದರು. ಬಿಳಿ ಕಾರು ನೆಟ್ಟಗೆ ತಮ್ಮ ಕಡೆಗೇ ಬರುತ್ತಿದೆ. ಅವರ ಬಲಗಾಲು ತನ್ನ ಕೆಲಸ ಶುರುಮಾಡಿತು. ಒತ್ತಿತು. ಕೆಳಗೆ ಪೆಡಲ್ ಇರಲಿಲ್ಲ, ಗಾಳಿಯಿತ್ತು. ಮತ್ತೆ ಒತ್ತಿತು. ಕಾರು ನಿಧಾನವಾಗಲಿಲ್ಲ. ಮೂರನೆಯ ಸಲ ಒತ್ತಿದ ರಭಸಕ್ಕೆ ಕಾಲು ನೆಲಕ್ಕೇ ತಾಗಿ, ಸೈಕಲ್ಲು ವಾಲಿ, ಗಂಡ ಹೆಂಡತಿ ಡಬ್ಬಿ ಮೂರೂ ರಸ್ತೆ ಪಕ್ಕದ ಹುಲ್ಲಿನ ಮೇಲೆ. ಕಾರು ಗಾಳಿ ಎಬ್ಬಿಸಿಕೊಂಡು ಮುಂದೆ ಹೋಯಿತು, ಆಮೇಲೆ ನಿಂತಿತು, ಹಿಂದಕ್ಕೆ ಬಂತು. ಹಿಂದಕ್ಕೆ ಬಂದದ್ದು ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗೆ. ಭಾವನ ಶಿಷ್ಯರಲ್ಲವೇ.

ಇಳಿದವರು ಹಲ್ಲಿನ ಡಾಕ್ಟರು. ಮಾಸ್ಕು ಕಳಚಿ ಬಿದ್ದಿದ್ದ ಭಾವನ ಮುಖ ನೋಡಿ ಕೈ ಮುಗಿದರು. "ಸಾರ್, ನೀವಾ! ಹಾರ್ನ್ ಸರಿಯಾಗಿ ಹೊಡೆದ್ನಾ ಸಾರ್?"

ಭಾವ ಹುಲ್ಲಿನ ಮೇಲೆ ಕೂತೇ ಕೇಳಿದರು, "ಹಾರ್ನ್ ಇರ್ಲಿ. ನಿಧಾನ ಯಾಕೆ ಮಾಡ್ಲಿಲ್ಲ?"

ಡಾಕ್ಟರು ನಿಜವಾಗಿಯೂ ಯೋಚಿಸಿದರು. ಅವರಲ್ಲಿ ಕಪಟವಿರಲಿಲ್ಲ. "ಅದೇ ನಂಗೂ ಅರ್ಥ ಆಗ್ತಿಲ್ಲ ಸಾರ್. ನಿಮ್ಮ ಹತ್ರ ಕಲಿಯೋವಾಗ ಹಾರ್ನ್ ಹೊಡೆದ ಕೂಡ್ಲೇ ಕಾರು ತಾನಾಗೇ ನಿಧಾನ ಆಗ್ತಿತ್ತು. ಈ ಕಾರು ಆಗ್ತಾನೇ ಇಲ್ಲ. ಷೋರೂಮಿನವರನ್ನ ಕೇಳಬೇಕು ಅಂದ್ಕೊಂಡಿದ್ದೆ."

ಅಕ್ಕ ಭಾವನ ಕಾಲನ್ನೇ ನೋಡಿದಳಂತೆ. ಭಾವನೂ ತಮ್ಮ ಕಾಲನ್ನೇ ನೋಡಿಕೊಂಡರಂತೆ. ಅಷ್ಟು ವರ್ಷ ಶಿಷ್ಯರು ಹಾರ್ನ್ ಹೊಡೆದರು, ಬ್ರೇಕು ಒತ್ತಿದ್ದು ಈ ಕಾಲು. ಒಬ್ಬರ ಕಾಲಿಗೂ ಅದನ್ನು ಕಲಿಯಲು ಅದು ಬಿಡಲೇ ಇಲ್ಲ. ರಸ್ತೆ ತುಂಬಿದ್ದಷ್ಟು ದಿನ ಯಾರಿಗೂ ಓಡಿಸಲು ಜಾಗವಿರಲಿಲ್ಲ, ಹಾಗಾಗಿ ಗುಟ್ಟು ಹೊರಗೆ ಬೀಳಲಿಲ್ಲ. ರಸ್ತೆ ಖಾಲಿಯಾಯಿತು, ಊರಿನ ಅರ್ಧ ಕಾರುಗಳು ನಮಸ್ಕಾರ ಹೇಳಿಕೊಂಡು ನಮ್ಮಕ್ಕನ ಮೇಲೆ ಬರತೊಡಗಿದವು. ಮಾಡಿದ್ದುಣ್ಣೋ ಮಹಾರಾಯ.

ಭಾವ ಆವತ್ತು ಆಸ್ಪತ್ರೆಯಿಂದ ನಡೆದುಕೊಂಡೇ ವಾಪಸ್ಸು ಬಂದರು. ಊಟ ಮಾಡಲಿಲ್ಲ. ಮೇಲೆ ಬಂದು ನನ್ನ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಸದಾ ಚುಚ್ಚುವ ನನಗೂ ಆವತ್ತು ಚುಚ್ಚಲು ಮನಸ್ಸಾಗಲಿಲ್ಲ. "ಅವಳಿಗೆ ಏನಾದ್ರೂ ಆಗಿದ್ರೆ?" ಎಂದರು. ನಾನು ಮಷೀನು ನಿಲ್ಲಿಸಿ, ಅವರ ಮುಂದೆ ಒಂದು ಲೋಟ ಮಜ್ಜಿಗೆ ಇಟ್ಟೆ.

ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಸಂಜೆಯ ಹೊತ್ತಿಗೆ ಅವರಿಗೊಂದು ಉಪಾಯ ಹೊಳೆಯಿತು. ಸ್ಕೂಲಿನ ಹೊರಗೆ ಒರಗಿಸಿಟ್ಟಿದ್ದ, ಕೆಂಪಕ್ಷರದ ದೊಡ್ಡ 'ಎಲ್' ಬೋರ್ಡನ್ನು ತಂದು ನನ್ನ ಸೈಕಲ್ಲಿನ ಹಿಂದೆ ತಂತಿ ಬಿಗಿದು ಕಟ್ಟಿದರು. "ಈ ಊರಲ್ಲಿ ದೇವರಿಗೆ ಹೆದರದವರೂ ಇದಕ್ಕೆ ಹೆದರ್ತಾರೆ" ಎಂದರು. ನಿಜವೇ ಆಯಿತು. ಆ ಬೋರ್ಡು ಕಂಡದ್ದೇ ತಡ, ಕಾರುಗಳು ರಸ್ತೆಯ ಆ ತುದಿಗೆ ಸರಿದು, ಉಸಿರು ಬಿಗಿಹಿಡಿದು ಹಾದುಹೋಗುತ್ತಿದ್ದವಂತೆ. "ನಂಗೇ ಸೈಕಲ್ ಬರಲ್ಲ ಅಂತ ಊರೆಲ್ಲಾ ತಿಳ್ಕೊಳ್ತು" ಎಂದು ಅಕ್ಕ ಬೈದಳು. ಬೈದರೂ ಬೋರ್ಡನ್ನು ಬಿಚ್ಚಲಿಲ್ಲ.

ಬಾಗಿಲುಗಳು ತೆರೆದವು, ಸ್ಕೂಲೂ ತೆರೆಯಿತು. ಸೋಂಕಿನ ಭಯಕ್ಕೆ ಶಿಷ್ಯರೇ ಬರಲಿಲ್ಲ. ಭಾವ ನನ್ನನ್ನು ಹಿಡಿದರು. "ಬಾ, ನೀನೇ ಮೊದಲನೇ ಶಿಷ್ಯೆ. ಹೊಸ ಥರ ಕಲಿಸ್ತೀನಿ." ಹೊಲಿದದ್ದನ್ನು ಮನೆಮನೆಗೆ ತಲುಪಿಸಲು ನನಗೂ ಗಾಡಿ ಓಡಿಸಲು ಬರಬೇಕಿತ್ತು. ಹೋದೆ.

ಹೊಸ ಥರ ಎಂದರೆ ಏನೆಂದು ಗೊತ್ತಾದದ್ದು ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ. ಕಾರು ಹೊರಡುತ್ತಿದ್ದಂತೆ ಮುಂದಿನ ತಿರುವಿನಿಂದ ಒಂದು ಸೈಕಲ್ಲು ರಸ್ತೆಗೆ ಇಳಿಯಿತು. ಹಿಂದೆ 'ಎಲ್' ಬೋರ್ಡಿಲ್ಲ. ಆ ಬೆನ್ನು, ಆ ಜಡೆ, ಹುಟ್ಟಿದಾಗಿನಿಂದ ನೋಡಿದ್ದು. ನನ್ನಕ್ಕ.

"ಭಾವ! ಇದೇನಿದು?"

"ಪಾಠ. ಇದಕ್ಕೆ ಬೇರೆಯವರ ಹೆಂಡತೀನ ಕರೆಯೋಕಾಗುತ್ತಾ? ಅವಳೇ ಬರ್ತೀನಿ ಅಂದ್ಳು. ಮುಂದೆ ನೋಡು."

ಅಕ್ಕ ತಿರುಗಿ ನೋಡಲಿಲ್ಲ. ಅವಳ ಪಾಡಿಗೆ ತುಳಿಯುತ್ತಿದ್ದಳು. ಕಾರು ಹತ್ತಿರವಾಗುತ್ತಿತ್ತು. ನನ್ನ ಕೈ ಹಾರ್ನಿಗೆ ಹೋಯಿತು, ಒತ್ತದೆಯೇ ಹಿಂದಕ್ಕೆ ಬಂತು. ಕಾರು ಈಗ ತಾನಾಗೇ ನಿಧಾನವಾಗುತ್ತದೆ ಎಂದು ನಾನೂ ಕಾದೆ. ಆಗಲಿಲ್ಲ. ಪಕ್ಕಕ್ಕೆ ಕಣ್ಣು ಹೊರಳಿಸಿದೆ. ಭಾವ ಷೂ ಬಿಚ್ಚಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ, ಚಕ್ಕಂಬಕ್ಕಲ ಹಾಕಿಕೊಂಡು ಕೂತಿದ್ದರು.

ನನ್ನ ಕಾಲಿಗೆ ಎಲ್ಲಿಂದ ಬುದ್ಧಿ ಬಂತೋ, ಒತ್ತಿದೆ. ಕಾರು ಕೆಮ್ಮಿ, ಅದುರಿ, ನಿಂತಿತು. ಎಂಜಿನ್ ಆರಿದ ಮೇಲೆ ಮುಂದೆ ಹೋಗುತ್ತಿದ್ದ ಸೈಕಲ್ಲಿನ ಚೈನಿನ ಸದ್ದು ಕೇಳಿಸಿತು. ಇನ್ನೂ ಎಣ್ಣೆ ಕಂಡಿರಲಿಲ್ಲ ಅದು.

ಬೈಯಬೇಕೆಂದು ಭಾವನ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿದ್ದರು. ಎರಡೂ ಕೈಯಿಂದ ತಮ್ಮ ಬಲಗಾಲನ್ನು ಹಿಡಿದುಕೊಂಡಿದ್ದರು, ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ.

"ನಿಂತಿದೆ ಭಾವ" ಎಂದೆ. "ಇನ್ನು ಕಾಲು ಬಿಡಿ."