ಮೂರು ಶೇಂಗಾ, ಮೂರು ಸೀಟಿ

ನನ್ನ ತಮ್ಮನಿಗೆ ಮೂವತ್ತನಾಲ್ಕು ವರ್ಷ. ಹುಟ್ಟಿನಿಂದಲೂ ಅವನ ಬುದ್ಧಿ ನಿಧಾನ. ಓದು ಬರಹ ಬರುವುದಿಲ್ಲ, ಎಣಿಕೆ ಎರಡು ದಾಟಿದರೆ ತಪ್ಪುತ್ತದೆ. ಹಸಿವು ಮಾತ್ರ ಮಧ್ಯಾಹ್ನ ಒಂದಕ್ಕೆ ತಪ್ಪದೆ ಆಗುತ್ತದೆ. ಅವ್ವ ತೀರಿಕೊಂಡ ಮೇಲೆ ಅವನನ್ನು ಕಲಬುರಗಿ ಕಡೆಯ ನಮ್ಮೂರಿನಿಂದ ಬೆಂಗಳೂರಿನ ಹೊರಮಾವಿಗೆ ಕರೆದುಕೊಂಡು ಬಂದೆ. ಆರು ಮನೆಗಳ ವಠಾರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ನಾನು ಇಂದಿರಾನಗರದ ಟೈಲರ್ ಅಂಗಡಿಯೊಂದರಲ್ಲಿ ಬ್ಲೌಸ್ ಹೊಲಿಯುತ್ತೇನೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವಾಗ ಕತ್ತಲಾಗಿರುತ್ತದೆ.

ಮೊದಮೊದಲು ಅನ್ನ, ಸಾರು ಮಾಡಿ ಮುಚ್ಚಿಟ್ಟು ಹೋಗುತ್ತಿದ್ದೆ. ಆರಿದ ಅನ್ನ ಅವನ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ದಿನ ತಾನೇ ಬಿಸಿ ಮಾಡಿಕೊಳ್ಳಲು ಹೋಗಿ ಒಲೆ ಹಚ್ಚಿದ, ಮಸಿಬಟ್ಟೆಗೆ ಬೆಂಕಿ ತಗುಲಿತು. ಅದನ್ನು ಬಚ್ಚಲಿಗೆ ಎಸೆದು ನೀರು ಸುರಿದನಂತೆ, ಹೆಚ್ಚೇನೂ ಆಗಲಿಲ್ಲ. ಆದರೆ ಹೊಗೆ ನೋಡಿದ ಓನರಮ್ಮ ಸಂಜೆ ನನ್ನನ್ನೇ ಕಾಯುತ್ತ ಗೇಟಿನಲ್ಲಿ ನಿಂತಿದ್ದರು. ಹೊರಮಾವು ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯವರು ಅವರು. ವಠಾರ ಕಟ್ಟಿರುವುದೇ ಅವರ ರಾಗಿ ಹೊಲದಲ್ಲಿ.

"ನೋಡಮ್ಮ, ಅವನನ್ನ ಹಿಂಗೇ ಒಬ್ಬನ್ನೇ ಬಿಟ್ಟೋಗೋದಾದ್ರೆ ಮನೆ ಖಾಲಿ ಮಾಡ್ಬಿಡು. ಆರು ಸಂಸಾರ ಇದಾವೆ ಇಲ್ಲಿ."

ನನಗೆ ಮೈಯೆಲ್ಲ ಉರಿಯಿತು. ಅವರು ಹೇಳಿದ್ದರಲ್ಲಿ ತಪ್ಪಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು. ಬೇರೆ ಮನೆ ಹುಡುಕುವ ಸುಖ ನನಗೆ ಗೊತ್ತು. ಫೋನಿನಲ್ಲಿ ಕೇಳಿದಾಗ ಖಾಲಿ ಇರುವ ಮನೆ, ನನ್ನ ತಮ್ಮನ ಮುಖ ನೋಡಿದ ಕೂಡಲೇ ಬೇರೆಯವರಿಗೆ ಹೋಗಿಬಿಟ್ಟಿರುತ್ತದೆ. ಊರಿಗೆ ಕಳಿಸೋಣವೆಂದರೆ ಅಲ್ಲಿ ಅವನಿಗೆ ಒಂದು ತುತ್ತು ಹಾಕುವವರಿಲ್ಲ.

"ಒಂದ್ ತಿಂಗಳು ಕೊಡ್ರಿ ಅಮ್ಮಾರ. ಅವನಿಗಿ ಅಡಿಗಿ ಕಲಸ್ತೀನಿ. ನೀವೇ ಎದುರು ಕುಂತು ನೋಡ್ರಿ. ಸರಿ ಕಾಣಲಿಲ್ಲಂದ್ರ ನಾನೇ ಗಂಟುಮೂಟಿ ಕಟ್ತೀನಿ," ಅಂದುಬಿಟ್ಟೆ. ಅವರು ಆಗಲಿ ಎಂದರು. ನನ್ನ ಬಾಯಿಗೆ ಬೀಗವೇ ಇಲ್ಲ.

ಅಂಗಡಿಯವರ ಕೈಕಾಲು ಹಿಡಿದು, ಹುಕ್ಕು ಹಾಕುವ ಕೆಲಸವನ್ನು ಮನೆಗೆ ತರುತ್ತೇನೆಂದು ಒಪ್ಪಿಸಿ, ಆ ತಿಂಗಳು ನಾಲ್ಕಕ್ಕೇ ಹೊರಡುತ್ತಿದ್ದೆ. ಸಂಜೆ ಐದಕ್ಕೆ ನಮ್ಮ ಪಾಠ. ಒಂದೇ ಅಡುಗೆ: ಖಿಚಡಿ. ಅಕ್ಕಿ, ತೊಗರಿಬೇಳೆ ಬೆರೆಸಿ ಒಂದು ಡಬ್ಬಿಯಲ್ಲಿಟ್ಟೆ. ಉಪ್ಪು, ಅರಿಶಿಣ ಬೆರೆಸಿ ಇನ್ನೊಂದರಲ್ಲಿ. ಚಾಕು ಬೇಡವೆಂದು ಟೊಮೆಟೊವನ್ನು ಕೈಯಲ್ಲೇ ಹಿಸುಕಲು ಹೇಳಿದೆ. ನೀರು ಎಣಿಸುವ ತಾಪತ್ರಯ ಬೇಡವೆಂದು ಮೂರು ಲೋಟ ಸಾಲಾಗಿ ತುಂಬಿಟ್ಟು ಎಲ್ಲವನ್ನೂ ಸುರಿಯುವುದು. ಒಲೆಯ ಗುಂಡಿ ಎಲ್ಲಿಯವರೆಗೆ ತಿರುಗಬೇಕೋ ಅಲ್ಲಿ ಉಗುರುಬಣ್ಣದ ಗೆರೆ.

ಕುಕ್ಕರಿನ ಸೀಟಿಯ ಲೆಕ್ಕವೇ ಕುತ್ತಿಗೆಗೆ ಬಂತು. ಒಮ್ಮೆ ಒಂದಕ್ಕೇ ಆರಿಸುತ್ತಿದ್ದ, ಒಮ್ಮೆ ಏಳಾದರೂ ಸುಮ್ಮನೆ ನಿಂತಿರುತ್ತಿದ್ದ. ನಾನು ಕಲಿಸಿದ್ದಕ್ಕಿಂತ ಕಿರುಚಿದ್ದೇ ಹೆಚ್ಚು. "ನೀ ಚೀರಬ್ಯಾಡ," ಎಂದು ಮೂಲೆ ಹಿಡಿದು ಕೂರುತ್ತಿದ್ದ. ಅವನ ಅಂಗಿಯ ಜೇಬಿನಲ್ಲಿ ಸದಾ ಹುರಿದ ಶೇಂಗಾ ಇರುತ್ತದೆ. ಒಲೆಯ ಕಟ್ಟೆಯ ಮೇಲೆ ಉಗುರುಬಣ್ಣದ ಮೂರು ಚುಕ್ಕೆ ಹಾಕಿ, ಅದರಿಂದಲೇ ಚುಕ್ಕೆಗೊಂದರಂತೆ ಇಡಿಸಿದೆ. ಒಂದು ಸೀಟಿಗೆ ಒಂದು ತಿನ್ನು, ಶೇಂಗಾ ಮುಗಿದರೆ ಒಲೆ ಆರಿಸು, ಸಿಲಿಂಡರಿನ ಗುಂಡಿಯನ್ನೂ ತಿರುಗಿಸು. ಮರುದಿನದಿಂದ ಒಮ್ಮೆಯೂ ತಪ್ಪಲಿಲ್ಲ. ಅಯ್ಯೋ, ಎಷ್ಟು ಬೀಗಿದೆ ನಾನು!

ಪರೀಕ್ಷೆಗೆ ಒಂದು ಭಾನುವಾರ ಗೊತ್ತಾಯಿತು. ಮಧ್ಯಾಹ್ನ ಹನ್ನೆರಡೂವರೆಗೆ ಓನರಮ್ಮ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. "ನೀನು ಹೊರಗ್ ನಿಂತ್ಕೋ. ಪಿಟಿಕ್ಕನ್ಬಾರ್ದು," ಎಂದು ನನಗೆ ತಾಕೀತು. ತಮ್ಮ ಹೊಸ ಅಂಗಿ ಹಾಕಿಕೊಂಡಿದ್ದ. ನೀರು, ಉಪ್ಪು, ಮುಚ್ಚಳ ಎಲ್ಲ ಸರಿಯಾಯಿತು. ಚುಕ್ಕೆಗೊಂದು ಶೇಂಗಾ ಇಟ್ಟುಕೊಂಡು ನಿಂತ.

ಪಕ್ಕದ ಮನೆಯ ಕುಕ್ಕರ್ ಕೂಗಿತು. ಇವನು ಒಂದು ಶೇಂಗಾ ಬಾಯಿಗೆ ಹಾಕಿಕೊಂಡ.

ಸಂಜೆ ಐದಕ್ಕೆ ವಠಾರದಲ್ಲಿ ಯಾರೂ ಕುಕ್ಕರ್ ಇಡುವುದಿಲ್ಲ; ಭಾನುವಾರದ ಮಧ್ಯಾಹ್ನ ಆರೂ ಮನೆಯ ಒಲೆಗಳು ಹತ್ತಿರುತ್ತವೆ. ನನ್ನ ದಡ್ಡ ತಲೆಗೆ ಇದು ಹೊಳೆದೇ ಇರಲಿಲ್ಲ. ಎದುರು ಮನೆಯದು ಕೂಗಿತು, ಎರಡನೆಯ ಶೇಂಗಾ ಹೋಯಿತು. ನಮ್ಮದು ಮೊದಲ ಸಲ ಕೂಗುವಷ್ಟರಲ್ಲಿ ಮೂರನೆಯದೂ ಮುಗಿಯಿತು. ಗ್ಯಾಸ್ ಆರಿಸಿ, ಸಿಲಿಂಡರಿನ ಗುಂಡಿಯನ್ನೂ ತಿರುಗಿಸಿ, ನಮ್ಮಿಬ್ಬರ ಕಡೆ ನೋಡಿ ನಕ್ಕ.

ಆವಿ ಇಳಿದ ಮೇಲೆ ಮುಚ್ಚಳ ತೆಗೆದರೆ ಬೇಳೆ ಹಾಗೇ ಗಟ್ಟಿಯಾಗಿತ್ತು. ಓನರಮ್ಮ ಒಂದು ಕಾಳು ಹಿಸುಕಿ ನೋಡಿ ಬೆರಳು ಒರೆಸಿಕೊಂಡರು. ನಾನು ಮನಸ್ಸಿನಲ್ಲಿ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ.

ತಮ್ಮ ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದ. "ಬೆಂದಿಲ್ಲ," ಎಂದು ತಾನೇ ಹೇಳಿ, ಇನ್ನೊಂದು ಲೋಟ ನೀರು ಸುರಿದು ಮುಚ್ಚಳ ಹಾಕಿದ, ಮತ್ತೆ ಒಲೆ ಹಚ್ಚಿ ಚುಕ್ಕೆಗಳ ಮೇಲೆ ಶೇಂಗಾ ಇಟ್ಟ. "ಅಮ್ಮಾರ, ಹಿಂದ ಸರೀರಿ. ಬಿಸಿ ಅದರಿ." ಈ ಸಲ ಕುಕ್ಕರಿನ ತಲೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಅಕ್ಕಪಕ್ಕದವು ಎಷ್ಟೇ ಕೂಗಿಕೊಳ್ಳಲಿ, ನಮ್ಮ ಕುಕ್ಕರಿನ ಗುಂಡು ಮೇಲೆದ್ದಾಗ ಮಾತ್ರ ಶೇಂಗಾ ಬಾಯಿಗೆ ಹೋಯಿತು. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರೂ ಮುಗಿದ ಮೇಲೆ ಒಲೆ, ಸಿಲಿಂಡರ್ ಎರಡನ್ನೂ ಮತ್ತೆ ಆರಿಸಿದ. ಓನರಮ್ಮ ತಟ್ಟೆ ಹಿಡಿದು ಹಾಕಿಸಿಕೊಂಡರು. "ಉಪ್ಪು ಒಂಚೂರು ಮುಂದು. ಪರವಾಗಿಲ್ಲ ಬಿಡು."

"ಅಮ್ಮಾರ, ಮೊದಲ ಸಲ..." ಎಂದು ನಾನು ರಾಗ ಎಳೆದೆ.

"ಬೇಯ್ದೇ ಇದ್ರೆ ತಿರುಗಾ ಬೇಯಿಸ್ಕೋತಾನೆ ಕಣಮ್ಮ. ಬೆಂಕಿ ಆರಿಸ್ತಾನಾ ಅಂತ ನೋಡಕ್ ಬಂದಿದ್ದು ನಾನು. ಎರಡ್ ಸಲಾನೂ ಸಿಲಿಂಡರ್ ಆಫ್ ಮಾಡ್ದ. ನನ್ ಸೊಸೆ ಒಂದ್ ಸಲಾನೂ ಮಾಡಲ್ಲ. ಇರಿ ಇಲ್ಲೇ."

ಮರುದಿನ ಸೋಮವಾರ ಅಂಗಡಿಯಲ್ಲಿ ನನ್ನ ಹೊಲಿಗೆ ನೇರವಾಗಿ ಓಡಲಿಲ್ಲ. ಒಂದಾಯಿತು, ಒಂದೂವರೆಯಾಯಿತು. ಎರಡರ ಹತ್ತಿರ, ಒಂದೇ ಗುಂಡಿ ಒತ್ತಲು ಕಲಿಸಿ ತಮ್ಮನಿಗೆ ಕೊಟ್ಟಿದ್ದ ಫೋನಿನಿಂದ ಕರೆ ಬಂತು.

"ಅಕ್ಕಾ, ಖಿಚಡಿ ಉಂಡೆ. ಬಿಸಿ ಇತ್ತು."

"ಗ್ಯಾಸ್?"

"ಬಂದ್ ಮಾಡೀನಿ. ನೀ ಉಂಡೆ?"

ಅವ್ವ ಹೋದ ಮೇಲೆ ಆ ಮಾತನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನನ್ನ ಡಬ್ಬಿ ಮಿಷನ್ನಿನ ಪಕ್ಕದಲ್ಲಿ ಮುಚ್ಚಿದ ಹಾಗೇ ಇತ್ತು.

"ಇಲ್ಲೋ ಇನ್ನಾ," ಎಂದೆ.

"ಹಸದ್ ಕುಂತ್ರ ಹೆಂಗ? ಉಣ್ಣು!" ಎಂದು ಗದರಿಸಿ ಫೋನ್ ಇಟ್ಟುಬಿಟ್ಟ. ನಾನು ಡಬ್ಬಿ ಬಿಚ್ಚಿದೆ, ಅಳುತ್ತಲೇ ಪೂರ್ತಿ ಉಂಡೆ.